ದೊಡ್ಡಂಗಡಿ ಬಿದ್ದ ದಿನ

ಕನ್ನಡಕ ಮನೆಯಲ್ಲಿ ಮರೆತು ಬಂದದ್ದೇ ಮೊದಲ ತಪ್ಪು. ಬೆಳಿಗ್ಗೆ ಕೊಡೆಯವರು ತಮ್ಮ ಕೊಡೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಹಳದಿ ಟೋಪಿಯ ಕಂಟ್ರಾಕ್ಟರ್ ಕಾಗದ ಹಿಡಿದು ನಿಂತಿದ್ದ.

"ಪಕ್ಕದವರ ಒಪ್ಪಿಗೆ ಬೇಕು ಯಜಮಾನ್ರೇ, ಪಕ್ಕದಲ್ಲಿರೋದು ನೀವೊಬ್ರೇ. ನಿಧಾನಕ್ಕೆ ಓದಿ ಸಹಿ ಹಾಕಿ."

"ಓದೋದೇನು? ಕೆಡವ್ತೀರಿ ತಾನೆ?"

"ಇವತ್ತೇ."

"ಪೂರ್ತಿ?"

"ಅವರದು ಅನ್ನೋ ಒಂದು ಇಟ್ಟಿಗೇನೂ ಉಳಿಸಲ್ಲ."

ಮೂವತ್ತು ವರ್ಷದಲ್ಲಿ ಇಷ್ಟು ಇಂಪಾದ ಮಾತು ಕೊಡೆಯವರ ಕಿವಿಗೆ ಬಿದ್ದಿರಲಿಲ್ಲ. ಸಹಿಯ ಬಾಲ ಕಾಗದದ ಅಂಚು ದಾಟಿ ಕಂಟ್ರಾಕ್ಟರನ ಹೆಬ್ಬೆರಳಿನ ಮೇಲೆ ಹೋಗಿ ನಿಂತಿತು.

ಕೆಡವಬೇಕಾದದ್ದು ದೊಡ್ಡಂಗಡಿ. ನಾಲ್ಕು ಅಂತಸ್ತು, ತಿರುಗುವ ಗಾಜಿನ ಬಾಗಿಲು, ನೆತ್ತಿಯ ಮೇಲೊಂದು ಗಡಿಯಾರ. ಗುಂಡುಸೂಜಿಯಿಂದ ಮಂಚದವರೆಗೆ ಅಲ್ಲಿ ಸಿಗದ್ದಿಲ್ಲ. ಆನೆಯ ಕಾಲಿಗೆ ಒರಗಿ ನಿಂತ ಆಡಿನಂತೆ ಅದರ ಪಕ್ಕಕ್ಕಿದ್ದದ್ದು ಕೊಡೆಯವರ ಅಂಗಡಿ. ದೊಡ್ಡಂಗಡಿಯ ಮುಂದೆ ಒಂದು ಅಗಲವಾದ ಪೋರ್ಟಿಕೋ ಇತ್ತು. ನಾಲ್ಕು ಹನಿ ಬಿದ್ದರೆ ಸಾಕು, ಬೀದಿಯ ಜನವೆಲ್ಲ ಅದರಡಿಗೆ ಓಡುತ್ತಿದ್ದರು. ಕೊಡೆಯವರಿಗೆ ಕಾಣುತ್ತಿದ್ದದ್ದು ಓಡುವವರ ಬೆನ್ನು ಮಾತ್ರ. ಮಳೆ ಬಂದರೆ ವ್ಯಾಪಾರ ನಿಲ್ಲುವ ಕೊಡೆ ಅಂಗಡಿ ಭೂಮಿಯ ಮೇಲೆ ಇದೊಂದೇ ಇದ್ದೀತು.

"ನಾನು ಯಾರ ಹಂಗಿನಲ್ಲೂ ಇಲ್ಲ. ನನ್ನ ಅಂಗಡಿ ತನ್ನ ಕಾಲ ಮೇಲೆ ನಿಂತಿದೆ" ಎಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಹತ್ತು ಗಂಟೆಗೆ ಬೀದಿ ತುಂಬಿತು. ಎದುರಿನ ಕ್ಷೌರಿಕ ಕತ್ತಿ ಕೈಯಲ್ಲೇ ಹಿಡಿದು ಬಂದ.

"ಕೆಡವೋದು ಬೇಡ ಅಂತ ಇಡೀ ಬೀದಿ ಅರ್ಜಿ ಕೊಟ್ಟಿದ್ವಿ ಕೊಡೆಯವರೇ. ಯಾವನೋ ಪುಣ್ಯಾತ್ಮ ಬೆಳಿಗ್ಗೆ ಒಪ್ಪಿಗೆ ಬರ್ಕೊಟ್ಟನಂತೆ. ಸಿಗಲಿ, ಅರ್ಧ ಮೀಸೆ ಬೋಳಿಸಿ ಕಳಿಸ್ತೀನಿ!"

ಕೊಡೆಯವರ ಕೈ ತಾನಾಗಿ ಮೀಸೆಗೆ ಹೋಯಿತು.

ಯಂತ್ರ ಮೊದಲ ಪೆಟ್ಟು ಕೊಟ್ಟಾಗ ಗಡಿಯಾರ ರಿಪೇರಿಯವನು ಹೋ ಎಂದು ಅತ್ತ. ಇಪ್ಪತ್ತು ವರ್ಷ ನೆತ್ತಿಯ ಗಡಿಯಾರಕ್ಕೆ ಕೀಲಿ ಕೊಟ್ಟವನು ಅವನೇ. ಅವನ ಹಿಂದೆ ನಿಂತ ಹೆಂಗಸರು ಅತ್ತರು. ಪೋಲೀಸಿನವನೂ ಮೂಗು ಒರೆಸಿಕೊಂಡ.

ಕೊಡೆಯವರು ಅಳುವವರ ಗುಂಪನ್ನು ಕಣ್ಣಲ್ಲೇ ಅಳೆದರು. ಸಾಯುವಾಗಲೂ ಎಂಥ ಮೆರವಣಿಗೆ! ನಾಳೆ ತಾನು ಸತ್ತರೆ ಇವರಲ್ಲಿ ಎಷ್ಟು ಜನ ಬಂದಾರು? ಮನಸ್ಸಿನಲ್ಲೇ ಎಣಿಸಿದರು. ಒಂಬತ್ತು. ಮಳೆ ಇದ್ದರೆ ನಾಲ್ಕು.

ಅಷ್ಟರಲ್ಲಿ ಧೂಳು ಹಾರಿ ಅವರ ಎರಡು ಕಣ್ಣಿಗೂ ತುಂಬಿತು. ನೀರು ದಳದಳ ಇಳಿಯಿತು.

"ನೋಡ್ರಪ್ಪಾ, ನೋಡಿ!" ಕ್ಷೌರಿಕ ಅವರನ್ನು ತಬ್ಬಿಕೊಂಡ. "ಜೀವಮಾನ ಇಡೀ ಹೊಟ್ಟೆ ಉರ್ಕೊಂಡವರೇ ಹೀಗೆ ಅಳ್ತಿದ್ದಾರೆ!"

ಜನ ಬಂದು ಬೆನ್ನು ತಟ್ಟಿದರು. ಯಾರೋ ನೀರು ಕುಡಿಸಿದರು. ಪೋರ್ಟಿಕೋ ಕುಸಿಯುವ ಗಳಿಗೆಗೆ ಮೂವತ್ತು ವರ್ಷ ಕಾದಿದ್ದ ಮನುಷ್ಯ, ಅದು ಕುಸಿದಾಗ ಕ್ಷೌರಿಕನ ಎದೆಗೆ ಮುಖ ಒತ್ತಿಕೊಂಡಿದ್ದರು. ಸದ್ದು ಮಾತ್ರ ಕೇಳಿಸಿತು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಮೋಡವಿತ್ತೆಂದು ಕಂಕುಳಲ್ಲಿ ಅವಳ ಹಳೇ ಕಪ್ಪು ಕೊಡೆ. ಅದೂ ದೊಡ್ಡಂಗಡಿಯದೇ! ಕೊಡೆಯವರು ಜೀವನದಲ್ಲಿ ಒಂದೇ ಸಲ ಅದರೊಳಗೆ ಕಾಲಿಟ್ಟದ್ದು, ಅಲ್ಲಿನ ಕೊಡೆ ಎಂಥದ್ದೆಂದು ಕದ್ದು ನೋಡಲು. ಅಲ್ಲಿ ಒಬ್ಬ ಹುಡುಗಿ ಕೊಡೆ ಕೊಳ್ಳುತ್ತಿದ್ದಳು. ಆರು ತಿಂಗಳಿಗೆ ಅವಳು ಇವರ ಮನೆಗೆ ಬಂದಳು, ಕೊಡೆ ಸಮೇತ. ತಮ್ಮ ಅಂಗಡಿಯ ಎಷ್ಟೋ ಕೊಡೆಗಳನ್ನು ಕೊಟ್ಟು ನೋಡಿದರು. ಒಂದೊಂದೂ ಎರಡು ಮಳೆಗೆ ಸತ್ತವು. ದೊಡ್ಡಂಗಡಿಯದು ಸಾಯಲಿಲ್ಲ.

"ನೀವು ನನ್ನ ಮೊದಲು ನೋಡಿದ ಜಾಗ ಕಣ್ರೀ" ಎಂದು ಅವಳೂ ಕಣ್ಣೊರೆಸಿಕೊಂಡಳು.

ಕೊಡೆಯವರು ಡಬ್ಬಿಯ ಮುಚ್ಚಳ ತೆಗೆದರು. ಅವಳು ಯಾರಿಗಾಗಿ ಅಳುತ್ತಿದ್ದಾಳೆಂದು ಅವರಿಗೆ ಪೂರ್ತಿ ಖಾತ್ರಿ ಇರಲಿಲ್ಲ.

ನಾಲ್ಕು ಗಂಟೆಗೆ ಕೊಡೆ ಅಂಗಡಿಯೊಳಗೆ ದಡ್ಡೆಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಕೊಡೆಗಳು ತೂಗುತ್ತಿದ್ದ ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯಲ್ಲಿ ಯಂತ್ರದ ಹಲ್ಲು.

"ನಿಲ್ಲಿಸ್ರೋ! ಇದು ನನ್ನ ಗೋಡೆ!"

"ಅಲ್ಲ ಯಜಮಾನ್ರೇ, ಅವರದು" ಎಂದ ಕಂಟ್ರಾಕ್ಟರ್. "ನಿಮ್ಮ ತಾತ ಮೂರೇ ಗೋಡೆ ಕಟ್ಟಿ ನಾಲ್ಕನೇದಕ್ಕೆ ದೊಡ್ಡಂಗಡಿಗೆ ಒರಗಿಸಿದ್ದಾರೆ. ತೊಲೆ ಕೂತಿರೋದೂ ಅದರ ಮೇಲೇ. ಸಾಮಾನು ತೆಗೆದಿಡಿ ಅಂತಲೂ ಕಾಗದದಲ್ಲಿತ್ತು. ಬೆಳಿಗ್ಗೆ ನೀವೇ ಸಹಿ ಹಾಕಿದ್ರಲ್ಲ?"

ಅವರ ಹಿಂದೆಯೇ ಒಳಗೆ ನುಗ್ಗಿದ್ದ ಬೀದಿಯವರೆಲ್ಲ ಅದನ್ನು ಕೇಳಿಸಿಕೊಂಡರು.

"ಓಹೋ" ಎಂದ ಕ್ಷೌರಿಕ, ಕತ್ತಿ ಬಿಚ್ಚುತ್ತಾ. "ಆ ಪುಣ್ಯಾತ್ಮ ತಾವೇನಾ?"

ಉತ್ತರ ಕೊಡುವ ಕಷ್ಟವನ್ನು ಗೋಡೆಯೇ ತಪ್ಪಿಸಿತು. ಎಲ್ಲರೂ ಹೊರಗೆ ಹಾರುವುದಕ್ಕೂ ಅದು ಮಲಗುವುದಕ್ಕೂ ಸರಿಹೋಯಿತು. ಹಿಂದೆಯೇ ತೊಲೆ, ತೊಲೆಯ ಹಿಂದೆ ಹೆಂಚು. ಯಾರೂ ಅಳಲಿಲ್ಲ. ಪೋಲೀಸಿನವನು ಮಾತ್ರ ಸೀನಿದ.

ಆಗ ಮಳೆ ಬಂತು.

ಜನ ಅಭ್ಯಾಸಬಲದಿಂದ ಪೋರ್ಟಿಕೋದ ಕಡೆ ಓಡಿದರು. ಅಲ್ಲಿ ಆಕಾಶವಿತ್ತು. ತಿರುಗಿ, ಮೂವತ್ತು ವರ್ಷದಲ್ಲಿ ಮೊದಲ ಬಾರಿ, ಇಡೀ ಬೀದಿ ಕೊಡೆಯವರ ಕಡೆ ಮುಖ ಮಾಡಿ ಓಡಿ ಬಂತು.

"ಕೊಡೆಯವರೇ, ನಂಗೊಂದು!"

"ನಂಗೆರಡು! ದೊಡ್ಡವು!"

"ಮೀಸೆ ವಿಷಯ ಆಮೇಲೆ ನೋಡೋಣ, ಮೊದಲು ಒಂದು ಕೊಡೆ ಕೊಡಿ" ಎಂದ ಕ್ಷೌರಿಕ.

ಕೊಡೆಯವರು ಇಟ್ಟಿಗೆಯ ರಾಶಿಯಿಂದ ಒಂದನ್ನು ಎಳೆದರು. ಹಿಡಿ ಮಾತ್ರ ಬಂತು. ಇನ್ನೊಂದು ಎಳೆದರು. ಅದಕ್ಕೆ ಹಿಡಿಯೂ ಇರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ಓಡಿದರು. ಆ ಬೆನ್ನುಗಳೆಲ್ಲ ಅವರಿಗೆ ಪರಿಚಯದವು.

ಉಳಿದಿದ್ದ ಕುರ್ಚಿಯ ಮೇಲೆ ನೆನೆಯುತ್ತಾ ಕೂತರು. ಹಿಂದಿನಿಂದ ಟಪ್ಪೆಂದು ಸದ್ದಾಗಿ, ತಲೆಯ ಮೇಲಿನ ಮಳೆ ನಿಂತಿತು.

"ಹತ್ತಿರ ಬನ್ನಿ" ಎಂದಳು ಹೆಂಡತಿ. "ಇಬ್ಬರಿಗೂ ಆಗುತ್ತೆ."

ಕೊಡೆಯವರು ಹತ್ತಿರ ಸರಿದರು. ತುಂಬಾ ಹೊತ್ತು ಕತ್ತೆತ್ತಿ, ಆ ಹಳೇ ಕಪ್ಪು ಬಟ್ಟೆಯಲ್ಲಿ ಒಂದಾದರೂ ತೂತು ಸಿಕ್ಕೀತೇ ಎಂದು ಹುಡುಕಿದರು.

ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.