ಮಾವನ ಚಿಲಿ ರೂಟು

ನಮ್ಮ ಸೋದರಮಾವ ಚಿಲಿ ದೇಶಕ್ಕೆ ಹೊರಟಿರುವ ಸಂಗತಿ ಚಿಲಿಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಕೊಪ್ಪದಲ್ಲಿ ಮಾತ್ರ ಗೊತ್ತಿಲ್ಲದವರಿಲ್ಲ!

ಮೂವತ್ತು ವರ್ಷ ಶೃಂಗೇರಿ-ಕೊಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ದೇಶವನ್ನು ಇನ್ನು ಹೇಗೆ ಆರಿಸಿಯಾರು? ಭೂಪಟದಲ್ಲಿ ಪಡವಲಕಾಯಿಯಂತೆ ಜೋತುಬಿದ್ದ ಚಿಲಿಯ ಮೇಲೆ ಬೆರಳೆಳೆದರು.

"ನೋಡು ಮಾರಾಯ, ಇಡೀ ದೇಶಕ್ಕೆ ಒಂದೇ ರೂಟು! ಮೇಲೆ ಮರುಭೂಮಿ, ಮಧ್ಯ ದ್ರಾಕ್ಷಿ ತೋಟ, ಆಮೇಲೆ ನಮ್ಮೂರಂಥದ್ದೇ ಮಳೆ, ಲಾಸ್ಟ್ ಸ್ಟಾಪು ಹಿಮ. ಎಲ್ಲೂ ಬಸ್ ಬದಲಿಸೋ ರಗಳೆ ಇಲ್ಲ."

"ಅಲ್ಲಿಗೆ ಮುಟ್ಟೋಕೆ ವಿಮಾನ ಎರಡು ಸಲ ಬದಲಿಸಬೇಕು, ಮಾವ."

"ಅದು ಬಸ್ ಸ್ಟ್ಯಾಂಡಿಗೆ ಹೋಗೋ ಆಟೋ ಇದ್ದ ಹಾಗೆ. ಬಿಡು!"

ಡಿಸೆಂಬರಿನಲ್ಲಿ ಅಲ್ಲಿ ಬೇಸಿಗೆ ಎಂದು ಭೂಮಿ ವಾಲಿರುವ ಕಥೆಯನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅವರು ಕ್ಯಾಲೆಂಡರ್ ತಲೆಕೆಳಗೆ ನೇತು ಹಾಕಿರ್ಬೇಕು" ಎಂದು, ಸ್ವೆಟರು, ಛತ್ರಿ, ಬೀಸಣಿಗೆ ಮೂರನ್ನೂ ಒಂದೇ ಚೀಲಕ್ಕೆ ತುರುಕಿದರು. ಟ್ರಾವೆಲ್ಸಿನ ಹುಡುಗಿ ಫೋನಿನಲ್ಲಿ ವೀಸಾ, ವಿಮೆ ಎನ್ನುತ್ತಿದ್ದರೆ ಇವರದು ಒಂದೇ ಪ್ರಶ್ನೆ: "ಅದೆಲ್ಲ ಇರ್ಲಿ ತಂಗಿ, ರಸ್ತೇಲಿ ತಿರುವು ಎಷ್ಟು?" "ಒಂದ್ನಿಮಿಷ ಸಾರ್" ಎಂದವಳು ಇನ್ನೂ ಲೈನಿಗೆ ಮರಳಿಲ್ಲ!

ತಿರುವಿನ ಚಿಂತೆ ಅತ್ತೆಯ ಸಲುವಾಗಿ. ಬಸ್ಸು ಹತ್ತಿದರೆ ಅತ್ತೆಗೆ ವಾಂತಿ. ಕಂಡಕ್ಟರನ ಹೆಂಡತಿಗೇ! ಮೂರನೇ ತಿರುವಿಗೆ ಲಿಂಬೆಹಣ್ಣು, ಐದನೆಯದಕ್ಕೆ ಕಿಟಕಿ.

"ನಾ ಬರೂದಿಲ್ಲ. ನೀವೊಬ್ರೇ ಹೋಗಿ ಬನ್ನಿ."

"ಒಬ್ನೇ ಹೋಗೋಕೆ ನಂಗೆಂತ ಹುಚ್ಚಾ? ಮರುಭೂಮೀಲಿ ರಸ್ತೆ ಗೆರೆ ಎಳೆದಷ್ಟು ನೆಟ್ಟಗೆ ಅಂತೆ ಕಣೇ!"

ಅತ್ತೆ ಒಪ್ಪದಿದ್ದರೆ ಚಿಲಿ ಇಲ್ಲ. ಹಾಗಾಗಿ ಹೋದ ತಿಂಗಳು ಅಭ್ಯಾಸಕ್ಕೆಂದು ಮೂವರೂ ನರಸಿಂಹರಾಜಪುರದ ಬಸ್ಸು ಹತ್ತಿದೆವು. ಅತ್ತೆ ಎರಡು ಸಲ ವಾಂತಿ ಮಾಡಿದರೆಂದು ನನ್ನ ನೆನಪು. ಮಾವನ ಪ್ರಕಾರ ಒಂದೇ ಸಲ. ಅತ್ತೆಯ ಪ್ರಕಾರ ಇಲ್ಲವೇ ಇಲ್ಲ! ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತುಬಂದ ನಾನು, ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೂ, ಈಗ ಆಣೆ ಮಾಡಿ ಹೇಳಲಾರೆ.

ಇದು ಮಾತ್ರ ಖಂಡಿತ ನೆನಪಿದೆ. ಪ್ರತಿ ಸ್ಟಾಪಿಗೂ ಮಾವ ಎದ್ದು ನಿಂತು, "ಒಳಗೆ ಹೋಗಿ, ಒಳಗೆ ಹೋಗಿ! ರೈಟ್!" ಎನ್ನುತ್ತಿದ್ದರು. ಆ ಬಸ್ಸಿನ ಕಂಡಕ್ಟರು ಕಡೆಗೂ ಕೇಳಿಯೇಬಿಟ್ಟ: "ಅಜ್ಜಾ, ಇವತ್ತು ಡ್ಯೂಟಿ ನಂದೋ ನಿಮ್ದೋ?"

ಬಸ್ಸೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಮಾವನ ಅಂಗಿಯ ಚುಂಗು ಹಿಡಿದು ಜಗ್ಗಿದರು.

"ಕೂತ್ಕಳಿ ಮಾರಾಯ್ರೆ. ಮದುವೆಯಾದ ಮೇಲೆ ಬಸ್ಸಲ್ಲಿ ನನ್ನ ಪಕ್ಕ ಒಂದ್ಸಲನಾದ್ರೂ ಕೂತಿದೀರಾ?"

ಮಾವ ಮೆಲ್ಲಗೆ ಕೂತರು. ಮುಂದಿನ ತಿರುವಿಗೆ ಅತ್ತೆ ಕಣ್ಣು ಮುಚ್ಚಿ ಅವರ ಭುಜಕ್ಕೆ ತಲೆಯಾನಿಸಿದರು. ಅದಾದ ಮೇಲೆ ಎಷ್ಟೋ ಸ್ಟಾಪು ಬಂದವು, ಹೋದವು, ಮಾವ ಏಳಲಿಲ್ಲ.

"ಆ ನೆಟ್ಟಗಿನ ರಸ್ತೆ," ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಎಷ್ಟು ದೂರ ಉಂಟು?"

ಊರೂರಿನ ದೂರ ಬಾಯಿಪಾಠ ಒಪ್ಪಿಸುವ ಮಾವ ಭುಜವನ್ನು ಅತ್ತೆಯತ್ತ ಇನ್ನಷ್ಟು ವಾಲಿಸಿದರು.

"ನಿಂಗೊಂದು ನಿದ್ದೆ ಆಗೋವಷ್ಟು."