ಮನೆ ಹಿಡಿಯಲು ಹೋಗಿ ಕಾಲು ಹಿಡಿದದ್ದು

ಆಗ ನಾನು ಕಾರ್ಖಾನೆಯೊಂದರ ಕಬಡ್ಡಿ ತಂಡದಲ್ಲಿದ್ದೆ. ಆಡುವುದೇ ಕೆಲಸ, ಅದಕ್ಕೇ ಸಂಬಳ. ತೊಂಬತ್ತಾರರಲ್ಲಿ ರಾಜ್ಯ ತಂಡಕ್ಕೂ ಆಯ್ಕೆಯಾದೆ. ಪತ್ರಿಕೆಯಲ್ಲಿ ಫೋಟೋ ಬಂತು. ಹತ್ತು ಜನರ ಹಿಂದೆ ನನ್ನ ಒಂದು ಕಿವಿ ಮಾತ್ರ ಕಾಣುತ್ತಿತ್ತು. ಆದರೂ ಅದು ನನ್ನದೇ ಕಿವಿ!

ಇಂಥ ಕಿವಿಯುಳ್ಳವನು ಚಾಮರಾಜಪೇಟೆಯ ವಠಾರದಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲುವುದು ಸಮಸ್ತ ಕ್ರೀಡಾಲೋಕಕ್ಕೇ ಅವಮಾನವೆಂದು ನನಗೆ ಮನವರಿಕೆಯಾಯಿತು.

"ಮಲ್ಲೇಶ್ವರಕ್ಕೆ ಹೋಗೋಣ. ಸ್ಯಾಂಕಿ ಕೆರೆ ಹತ್ತಿರ. ಆಟಗಾರನಿಗೆ ಒಳ್ಳೇ ಗಾಳಿ ಬೇಕು" ಎಂದೆ.

"ಗಾಳಿ ಬೇಕಿದ್ರೆ ಕಿಟಕಿ ತೆಗೀರಿ" ಎಂದಳು ಹೆಂಡತಿ ಸುಮಿತ್ರ.

ನಾನು ಕಿಟಕಿಯ ಬದಲು ಬ್ರೋಕರ್ ಪುಟ್ಟರಾಜುವನ್ನು ಹಿಡಿದೆ. ಅವನು ತೋರಿಸಿದ ಮನೆಯ ಮುಂದೆ ಸಂಪಿಗೆ ಮರ, ಒಳಗೆ ಮೊಸಾಯಿಕ್ ನೆಲ, ಮೂರು ನಲ್ಲಿ. ಮೂರರಲ್ಲೂ ನೀರು! ಮೂರನೆಯದನ್ನು ತಿರುಗಿಸಿ ನೋಡಿದ ಮೇಲೆ ಸುಮಿತ್ರಳೂ ನನ್ನ ಪಕ್ಷಕ್ಕೆ ಬಂದಳು.

ಮಾಲೀಕರು ವೆಂಕಟರಾಯರು, ನಿವೃತ್ತ ಇಂಜಿನಿಯರ್, ಮಹಡಿಯಲ್ಲಿದ್ದರು. ಮೆಟ್ಟಿಲ ಬಳಿ ಪುಟ್ಟರಾಜು ಪಿಸುಗುಟ್ಟಿದ: "ಸಾರ್, ಕಬಡ್ಡಿ ಅಂತ ಮಾತ್ರ ಅನ್ಬೇಡಿ. ದೊಡ್ಡ ಜನ. ಸ್ಟೇಟ್ ಪ್ಲೇಯರ್ ಅನ್ನಿ ಸಾಕು. ಮಿಕ್ಕಿದ್ದು ಅವರೇ ಅನ್ಕೋತಾರೆ."

ಅಂದುಕೊಂಡರು!

"ಸ್ಟೇಟ್ ಪ್ಲೇಯರಾ? ಬ್ಯಾಟಿಂಗೋ, ಬೌಲಿಂಗೋ?"

ಸತ್ಯ ಹೇಳಲು ಅದು ಪ್ರಶಸ್ತ ಸಮಯವಾಗಿತ್ತು. "ಎರಡೂ ಸಾರ್" ಎಂದುಬಿಟ್ಟೆ.

"ಭೇಷ್! ಭಾನುವಾರ ನಮ್ಮ ರಸ್ತೆಯವರದ್ದೇ ಮ್ಯಾಚ್ ಇದೆ. ಒಂದು ಟೀಮಿಗೆ ನಾನು ಕ್ಯಾಪ್ಟನ್, ಇನ್ನೊಂದಕ್ಕೆ ನೀವು. ಮುಗಿದ ಮೇಲೆ ಬೀಗದ ಕೈ ತೊಗೊಂಡು ಹೋಗಿ."

ಮನೆಗೆ ಬಂದವನೇ ವಠಾರದ ಮಾಲೀಕರಿಗೆ, "ನಮಗೆ ಈ ಏರಿಯಾ ಒಗ್ಗುತ್ತಿಲ್ಲ, ಮನೆ ಬಿಡ್ತೀವಿ" ಎಂದು ಹೇಳಿ ಬಂದೆ. ಅವರು ಹುಟ್ಟಿ ಬೆಳೆದದ್ದು ಅದೇ ಏರಿಯಾದಲ್ಲಿ.

ಭಾನುವಾರ ಇಡೀ ರಸ್ತೆ ಕುರ್ಚಿ ಹೊತ್ತು ಮೈದಾನಕ್ಕೆ ಬಂದಿತ್ತು. ನಾನೇ ಮೊದಲು ಬ್ಯಾಟ್ ಹಿಡಿದು ನಿಂತೆ. ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ಪಂಚೆ ಎತ್ತಿಕಟ್ಟಿ, ಮಗುವಿಗೆ ಲಾಡು ಕೊಡುವಂತೆ ಚೆಂಡು ಎಸೆದರು. ನಾನು ಬೀಸಿದೆ. ಬ್ಯಾಟು ಬೌಂಡರಿ ದಾಟಿತು. ಚೆಂಡು ವಿಕೆಟ್ಟಿಗೆ ಬಡಿಯಿತು.

"ಪಾಪ, ಫಾರ್ಮ್ ಹೋಗಿದೆ. ಬೌಲಿಂಗ್ ನೋಡಿ ಬೇಕಾದ್ರೆ" ಎಂದು ಯಾರೋ ಸಮಾಧಾನ ಹೇಳಿದರು.

ನೋಡಿದರು. ನನ್ನ ಮೊದಲ ಚೆಂಡು ರಾಯರ ಹೆಂಡತಿಯ ಕಾಫಿ ಫ್ಲಾಸ್ಕನ್ನು ಉರುಳಿಸಿತು. ಎರಡನೆಯದನ್ನು ರಾಯರು ಮೆಲ್ಲನೆ ತಳ್ಳಿ, ರನ್ನಿಗಾಗಿ ನನ್ನ ಕಡೆಗೆ ಓಡಿದರು. ಏದುಸಿರು, ಕಣ್ಣೆಲ್ಲ ಗೆರೆಯ ಮೇಲೆ. ಗೆರೆಯತ್ತ ಓಡುವ ಮನುಷ್ಯನನ್ನು ಏನು ಮಾಡಬೇಕೆಂದು ನನ್ನ ಕೈಗಳಿಗೆ ಹನ್ನೆರಡು ವರ್ಷದ ತರಬೇತಿ ಇತ್ತು. ಅವು ನನ್ನನ್ನು ಕೇಳಲಿಲ್ಲ.

ಹಾರಿ, ರಾಯರ ಕಾಲು ಹಿಡಿದೆ!

"ರೀ, ಬಿಡ್ರೀ! ಮನೆ ಓನರ್ರು!" ಎಂದು ಸುಮಿತ್ರ ಕಿರುಚಿದಳು.

ರಾಯರು ದೊಪ್ಪನೆ ಬಿದ್ದರು. ಆದರೆ ನಿಲ್ಲಲಿಲ್ಲ! ಮೊಣಕೈ ಊರಿ ತೆವಳುತ್ತ, ನನ್ನನ್ನೂ ಎಳೆದುಕೊಂಡು ಹೋಗಿ, ಬ್ಯಾಟಿನಿಂದ ಗೆರೆ ಮುಟ್ಟಿಯೇಬಿಟ್ಟರು. ಎದ್ದು ಕೂತು ಮಣ್ಣು ಕೊಡವಿಕೊಂಡರು.

"ಕಬಡ್ಡಿ ಆಡ್ತೀರಾ?"

"ಹೌದು ಸಾರ್. ತಪ್ಪಾಯ್ತು ಸಾರ್."

"ನಾನೂ ಕಾಲೇಜಲ್ಲಿ ಅದನ್ನೇ ಆಡ್ತಿದ್ದೆ ಕಣ್ರೀ! ಮೊದಲೇ ಹೇಳಿದ್ರೆ ಕರೆದು ಮನೆ ಕೊಡ್ತಿದ್ದೆ. ಸುಳ್ಳು ಹೇಳೋರಿಗೆ ಕೊಡಲ್ಲ. ಹೋಗಿ ಬನ್ನಿ."

ಸಂಜೆ ವಠಾರದ ಮಾಲೀಕರ ಮುಂದೆ ಕೈಕಟ್ಟಿ ನಿಂತೆ. "ಏರಿಯಾ ಈಗ ಒಗ್ಗುತ್ತಾ?" ಎಂದು ಮೂರು ಸಲ ಕೇಳಿ, ಮೂರು ಸಲವೂ ಹೌದೆನ್ನಿಸಿಕೊಂಡು, ಇರಲು ಬಿಟ್ಟರು.

ರಾತ್ರಿ ಸುಮಿತ್ರ ಅನ್ನ ಬಡಿಸುತ್ತ ಕೇಳಿದಳು.

"ರೀ, ಕಬಡ್ಡೀಲಿ ಹಿಡಿದೋರನ್ನೂ ಎಳ್ಕೊಂಡು ಹೋಗಿ ಗೆರೆ ಮುಟ್ಟಿದ್ರೆ, ಔಟಾಗೋದು ಯಾರು?"

"ಹಿಡಿದವನು" ಎಂದೆ.

"ರಾಯರಿಗೆ ವಯಸ್ಸೆಷ್ಟು?"

"ಅರವತ್ತೈದು" ಎಂದು ಹೇಳಿ, ತಲೆಯೆತ್ತದೆ ಸಾರು ಕಲಸಿಕೊಂಡೆ.