ಕೆಂಪು ಕೊಡೆಯ ಕಪ್ಪು ಫೋಟೋ

ದ್ವಾಪರ ಎಂದೋ ಮುಗಿದು, ಕಲಿಯುಗವೂ ಅರ್ಧ ಹಳಸಿ, ಆಣೆ ಪ್ರಮಾಣಗಳಿಗಿಂತ ಮೊಬೈಲಿನ ಫೋಟೋಗೆ ಹೆಚ್ಚು ತೂಕ ಬಂದಿದ್ದ ಕಾಲದಲ್ಲಿ, ಪಡುವಣ ಕಡಲು ದಿನಕ್ಕೆರಡು ಸಲ ಉಬ್ಬಿ ಇಳಿಯುವುದನ್ನು ಇನ್ನೂ ಬಿಟ್ಟಿರದ ಮುರುಡೇಶ್ವರದ ತೀರದಲ್ಲಿ, ಜಲಸ್ತಂಭನವಿದ್ಯಾವಿಶಾರದನೂ, ಪ್ರವಾಸಿಜನಭಯನಿವಾರಕನೂ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಬೆಳಗ್ಗೆ ಪಾತಾಳಕ್ಕೆ ಹೋಗಿ ಊಟದ ಹೊತ್ತಿಗೆ ಮರಳುವವನೂ ಆದ ಜಟ್ಟಪ್ಪ ಹರಿಕಂತ್ರನೆಂಬ ವೀರನಿದ್ದನು. ಇದು ಅವನಿಗೂ ಅವನ ಬಾವನಿಗೂ ಒಂದು ಕೊಡೆಯ ನಿಮಿತ್ತ ನಡೆದ ಏಳು ದಿನಗಳ ಯುದ್ಧದ ಕಥೆ. ಸಾವಧಾನದಿಂದ ಕೇಳತಕ್ಕದ್ದು, ಅವಸರವಿದ್ದವರು ಈಗಲೇ ಎದ್ದು ಹೋಗಬಹುದು.

ಆ ಕೊಡೆಯಾದರೂ ಸಾಮಾನ್ಯದ್ದಲ್ಲ. ಜಟ್ಟಪ್ಪನ ಅಕ್ಕ ಮಾದೇವಿ ಭಟ್ಕಳದ ಮೀನುಪೇಟೆಯಲ್ಲಿ ಹದಿನಾಲ್ಕು ವರ್ಷ ಬಿಸಿಲಿಗೆ ಕೂತು, ಕೊನೆಗೊಮ್ಮೆ ತನಗೆಂದೇ ಕೊಂಡುಕೊಂಡದ್ದು. ದಾಸವಾಳದ ಕೆಂಪು, ಎಂಟು ಕಡ್ಡಿ, ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವಂಥದು. ಚಕ್ರವರ್ತಿಗಳ ಶ್ವೇತಚ್ಛತ್ರದ ನೆರಳಿನಲ್ಲಿ ಐವತ್ತಾರು ದೇಶಗಳಿದ್ದುವಂತೆ. ಈ ರಕ್ತಚ್ಛತ್ರದ ನೆರಳಿನಲ್ಲಿ ಎರಡು ಬುಟ್ಟಿ ಬಂಗಡೆ, ಒಂದು ತಕ್ಕಡಿ ಮತ್ತು ಮಾದೇವಿ ಇದ್ದರು. ಅದು ಫೆಬ್ರವರಿಯ ಒಂದು ಸೋಮವಾರ ಜಗಲಿಯ ಮೊಳೆಯಿಂದ ಮಾಯವಾಯಿತು.

ಮಾದೇವಿಯ ಗಂಡ, ಬಲೆದೋಣಿಯ ಒಡೆಯ, ಘನಶ್ಮಶ್ರುಶೋಭಿತನಾದ ಮಾಸ್ತಪ್ಪ, ಕೂಡಲೇ ಬೆರಳನ್ನು ಮೈದುನನ ಕಡೆಗೆ ತಿರುಗಿಸಿದನು. ಪ್ರವಾಸಿಗಳಿಗೆ ನೆರಳು ಹಿಡಿಯಲು ಇವನೇ ಒಯ್ದಿದ್ದಾನೆ, ನೇತ್ರಾಣಿ ದ್ವೀಪದ ಗಾಳಿಗೆ ಕಡಲಿಗೆ ಹಾಕಿ ಬಂದಿದ್ದಾನೆ ಎಂಬುದು ಅವನ ಆರೋಪ. ಜಟ್ಟಪ್ಪ ಒಪ್ಪಲಿಲ್ಲ. ಅಂದು ದೋಣಿಯಿಂದ ಹಾರಿದ್ದು ಡೈವಿಂಗ್ ಆಫೀಸಿನ ಹಳೆಯ ಕಪ್ಪು ಕೊಡೆ, ಕೆಂಪನ್ನು ಬಾವನೇ ಇಸ್ಪೀಟಿನ ಕಟ್ಟೆಯಲ್ಲಿ ಮರೆತಿರಬೇಕು ಎಂದನು. ಮಾದೇವಿ ಇಬ್ಬರನ್ನೂ ಕೇಳಿದಳು. ಸುಳ್ಳು ಯಾರದೆಂದು ಗೊತ್ತಾಗುವ ತನಕ ಇಬ್ಬರಿಗೂ ಗಂಜಿ, ಮಾವಿನಮಿಡಿ. ಮೀನಿನ ಸಾರು ಇಲ್ಲವೆಂದಳು.

ಗಂಜಿಗೆ ಅಂಜುವವನಲ್ಲ ಜಟ್ಟಪ್ಪ. ಅವನಿಗೆ ತಾಗಿದ್ದು ಬೇರೆ. ಆರು ವರ್ಷದ ತಬ್ಬಲಿಯಾಗಿದ್ದವನನ್ನು ಸಾಕಿದವಳು ಈ ಅಕ್ಕ. ಪೇಟೆಯಲ್ಲಿ ಪ್ರತಿ ಮೀನನ್ನೂ ಎರಡೆರಡು ಸಲ ತೂಗುವವಳು, ಅವನ ಮಾತನ್ನು ಮಾತ್ರ ಎಂದೂ ತೂಗಿದವಳಲ್ಲ. ಈ ಸಲ ತೂಗುತ್ತಿದ್ದಳು.

ಮೂರನೆಯ ದಿನ ಒಬ್ಬ ಮುಳುಗುಗಾರ ಸುದ್ದಿ ತಂದನು: ದ್ವೀಪದ ದೊಡ್ಡ ಬಂಡೆಯ ಬುಡದಲ್ಲಿ, ಎಂಟು ಮಾರು ಆಳದಲ್ಲಿ, ಒಂದು ಕೊಡೆ ಸಿಕ್ಕಿಕೊಂಡಿದೆ. ಬಣ್ಣ ಯಾವುದೆಂದರೆ ಅವನು ಸರಿಯಾಗಿ ನೋಡಿರಲಿಲ್ಲ. ದೋಣಿ ಕಟ್ಟುವ ದಕ್ಕೆಯಲ್ಲಿ ನೆರೆದವರು ಸಹಜವಾಗಿಯೇ ಫೋಟೋ ಉಂಟೋ ಎಂದು ಕೇಳಿದರು. ಆಗ ನಮ್ಮ ವೀರನು ಮೀನಿನ ಪೆಟ್ಟಿಗೆಯೊಂದರ ಮೇಲೆ ಪಾದವನ್ನಿಟ್ಟು, ಪ್ರಳಯಕಾಲದ ಮೇಘದಂತೆ ಗರ್ಜಿಸಿದನು:

"ಎಲೈ ಮಾಸ್ತಪ್ಪನೇ, ತಿಮಿಂಗಿಲಗಳ ಶಯ್ಯಾಗೃಹದಲ್ಲಿ ಅಡಗಿದ್ದರೂ ಆ ಸತ್ಯವನ್ನು ಈ ಸಭೆಯ ಕಣ್ಣೆದುರಿಗೆ ಹರಡದಿದ್ದರೆ ನಾನು ಹರಿಕಂತ್ರರ ಕುಲದವನಲ್ಲ. ನನ್ನ ಯಂತ್ರನೇತ್ರಕ್ಕೆ ಅಕ್ಕನಿಲ್ಲ, ಬಾವನಿಲ್ಲ. ಕಂಡದ್ದನ್ನು ಕಂಡಂತೆಯೇ ಹೇಳುವ ನಿಷ್ಪಕ್ಷಪಾತಿ ಅದು!"

ಇಷ್ಟನ್ನೂ ಅವನು ತೀರದ ಭಾಷೆಯಲ್ಲಿ ಹೀಗೆ ಆಡಿದನು: "ಫೋಟೋ ತೆಗ್ದ್ ತೋರಸ್ತೆ ಬಾವ. ಆಮೇಲೆ ಮಾತಾಡು."

ಮಾಸ್ತಪ್ಪನೂ ಬಿಡಲಿಲ್ಲ. ಕೊಡೆ ಕಪ್ಪಾಗಿದ್ದರೆ ಮಾದೇವಿಯ ಎದುರಿಗೇ ಈ ಮೈದುನನ ಕಾಲು ಹಿಡಿಯುವೆನೆಂದು, ಮೀಸೆಯ ಮೇಲೆ ಕೈಯಿಟ್ಟು ನುಡಿದನು.

ಇಲ್ಲಿ ವೀರನ ಎದೆಯೊಳಗಿನ ಒಂದು ಸಣ್ಣ ಸಂಗತಿಯನ್ನು ಹೇಳಿಬಿಡಬೇಕು. ಕಡಲಿಗೆ ಬಿದ್ದದ್ದು ಕೆಂಪು ಕೊಡೆಯೇ. ಕೇಳದೆ ಒಯ್ದವನು ಅವನೇ. ಆಡಿದ ಸುಳ್ಳು ಒಂದು ಕ್ಷಣದ್ದು. ಈಗ ಅದಕ್ಕೆ ಹಲ್ಲು ಬಂದಿತ್ತು.

ಆದರೂ ಅವನಿಗೆ ಧೈರ್ಯವಿತ್ತು. ಸೂರ್ಯನ ಬೆಳಕು ನೀರಿಗಿಳಿದಾಗ ಕಡಲು ಎಲ್ಲಕ್ಕಿಂತ ಮೊದಲು ಕೆಂಪನ್ನು ತಿನ್ನುತ್ತದೆ. ಮೂರು ಮಾರಿಗೆ ದಾಸವಾಳ ಕಂದುತ್ತದೆ, ಐದಕ್ಕೆ ಬೆಲ್ಲದ ಬಣ್ಣ, ಎಂಟಕ್ಕೆ ಕಪ್ಪು. ಅಲ್ಲಿ ಕೆಂಪನ್ನು ಮರಳಿ ಎಬ್ಬಿಸಬೇಕಾದರೆ ಬೆಳಕನ್ನು ಮೇಲಿನಿಂದಲೇ ಹೊತ್ತೊಯ್ಯಬೇಕು. ಅದಕ್ಕೆಂದೇ ಉಳ್ಳವರ ಕ್ಯಾಮೆರಾಗಳಿಗೆ ಏಡಿಯ ಕೊಂಬಿನಂತೆ ಎರಡು ತೋಳು, ತೋಳಿನ ತುದಿಗೆ ಸಿಡಿಲಿನಂಥ ಫ್ಲ್ಯಾಶ್. ಜಟ್ಟಪ್ಪನಿಗೆ ಆ ಸಿಡಿಲಿಲ್ಲ. ಅವನದು ಪ್ರವಾಸಿಯೊಬ್ಬ ಬೇಸತ್ತು ಕೈಬಿಟ್ಟ ಅಂಗೈಯಗಲದ ಕ್ಯಾಮೆರಾ. ಅದರ ಮೇಲೆ ನೀರು ತಡೆಯುವ, ಗೀರು ಬಿದ್ದ ಪ್ಲಾಸ್ಟಿಕ್ ಪೆಟ್ಟಿಗೆ. ಸಿಡಿಲಿಲ್ಲದವನು ಸೂರ್ಯನನ್ನು ಓಲೈಸಬೇಕು. ಆಳಕ್ಕೆ ಇಳಿಯಬಾರದು, ಬೆಳಕನ್ನು ಬೆನ್ನಿಗಿಟ್ಟುಕೊಳ್ಳಬೇಕು, ಮೀನಿನ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ಉಸಿರು ಹಿಡಿಯಬೇಕು. ಹಾಗೆ ಆರು ವರ್ಷ ತಪಸ್ಸು ಮಾಡಿ ಅವನು ತೆಗೆದ ಚಿತ್ರಗಳು ಆಫೀಸಿನ ಗೋಡೆಯ ತುಂಬ ಇದ್ದವು. ಈಗ ಆ ವಿದ್ಯೆಯನ್ನೆಲ್ಲ ತಿರುಗುಮುರುಗು ಮಾಡಿದರೆ ಆಯಿತು.

ಐದನೆಯ ದಿನ ಅವನು ಇಳಿದನು. ಬಂಡೆಯ ಬುಡದಲ್ಲಿ ಕೊಡೆ ಅರ್ಧ ಬಿಚ್ಚಿ, ಸೆರೆಯಾದ ರಾಜನಂತೆ ಒರಗಿತ್ತು. ಕಡುಗಪ್ಪು, ಅನುಮಾನಕ್ಕೆ ಎಡೆಯಿಲ್ಲದ ಕಪ್ಪು. ಜಟ್ಟಪ್ಪನಿಗೇ ಒಂದು ಗಳಿಗೆ ತಾನು ನಿಜ ಹೇಳಿದ್ದೆನೇನೋ ಅನ್ನಿಸಿತು. ಬಟನ್ ಒತ್ತಿದನು.

ಕ್ಯಾಮೆರಾದೊಳಗಿನ ಉಗುರಗಲದ ಫ್ಲ್ಯಾಶು, ಯಾರೂ ಕರೆಯದೆ, ತಾನಾಗಿ ಮಿಂಚಿತು. ನೀರಿನಲ್ಲಿ ತೇಲುತ್ತಿದ್ದ ಧೂಳೆಲ್ಲ ಹೊಳೆದು, ದೇವತೆಗಳು ಪುಷ್ಪವೃಷ್ಟಿ ಕರೆದಂತಾಯಿತು. ಆ ಬಿಳಿ ಚುಕ್ಕೆಗಳ ನಡುವೆ ಮಾದೇವಿಯ ಕೊಡೆ ದಾಸವಾಳದ ಕೆಂಪಾಗಿ ಉರಿಯಿತು. ಪುಟ್ಟ ಪರದೆಯಲ್ಲಿ ಅದನ್ನು ಅವನು ಬಹಳ ಹೊತ್ತು ನೋಡಿದನು. ಆಮೇಲೆ ಅಳಿಸಿದನು.

ದೋಣಿಗೆ ಹತ್ತಿ, ಪೆಟ್ಟಿಗೆ ಬಿಚ್ಚಿ, ಫ್ಲ್ಯಾಶಿನ ಕಣ್ಣಿಗೆ ಕರೆಂಟಿನ ಕೆಲಸದ ಕಪ್ಪು ಟೇಪನ್ನು ಎರಡು ಸುತ್ತು ಅಂಟಿಸಿದನು. ಮತ್ತೆ ಇಳಿದನು. ದೂರ ನಿಂತನು, ಬೆಳಕಿಗೆ ಮುಖ ಮಾಡಿದನು, ಹನ್ನೆರಡು ಚಿತ್ರ ತೆಗೆದನು. ಹನ್ನೆರಡೂ ಕಪ್ಪು. ಅವನ ಜೀವಮಾನದಲ್ಲಿ ಅಷ್ಟು ಕೆಟ್ಟ ಚಿತ್ರಗಳನ್ನು ಅಷ್ಟು ಶ್ರದ್ಧೆಯಿಂದ ತೆಗೆದದ್ದಿಲ್ಲ.

ಅದೇ ಸಂಜೆ ಮಾದೇವಿಯ ಜಗಲಿಯಲ್ಲಿ ಸಭೆ ಸೇರಿತು. ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ದಕ್ಕೆಯಿಂದ ಬಂದವರು ಕಪ್ಪೇ ಎಂದು ತೀರ್ಪಿತ್ತರು. ಮಾಸ್ತಪ್ಪ ಪರದೆಯನ್ನು ಹತ್ತಿರ ಹಿಡಿದನು, ದೂರ ಹಿಡಿದನು. ಕೊಟ್ಟ ಮಾತಿಗೆ ತಪ್ಪುವವನಲ್ಲ ಅವನು. ಹೆಗಲ ಟವೆಲನ್ನು ತೆಗೆದು ಬದಿಗಿಟ್ಟು, ನೋಯುವ ಸೊಂಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ತನಗಿಂತ ಹದಿನೆಂಟು ವರ್ಷ ಕಿರಿಯನ ಪಾದದ ಕಡೆಗೆ ಬಗ್ಗತೊಡಗಿದನು.

ಜಟ್ಟಪ್ಪ ಕಾಲನ್ನು ಹಿಂದಕ್ಕೆಳೆದುಕೊಂಡನು. ಹಿಂದೆ ಗೋಡೆ ಇತ್ತು.

ಮಾದೇವಿ ಆಗ ಕ್ಯಾಮೆರಾವನ್ನು ತೆಗೆದುಕೊಂಡು, ಮೀನಿನ ಕಿವಿರು ಎತ್ತಿ ನೋಡುವಂತೆ ಅತ್ತಿತ್ತ ತಿರುಗಿಸಿ ನೋಡಿದಳು. ಮೆಲ್ಲಗೆ ಕೇಳಿದಳು.

"ಕೊಡೆ ತನಕ ಹೋದವ, ಅದನ್ನೇ ಹಿಡ್ಕಂಡು ಬರೂಕೆ ಎಂತಾ ಆಗಿತ್ತಾ ತಮ್ಮ?"

ಮಾಸ್ತಪ್ಪ ಬಗ್ಗಿದಲ್ಲೇ ನಿಂತನು. ದಕ್ಕೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಾರಿಗೂ ಇದು ಹೊಳೆದಿರಲಿಲ್ಲ. ಜಟ್ಟಪ್ಪ ಬಾಯಿ ತೆರೆದನು. ಕೈ ಖಾಲಿ ಇರಲಿಲ್ಲವೆಂದು ಹೇಳಬಹುದಿತ್ತು, ಗಾಳಿ ಮುಗಿಯುತ್ತ ಬಂದಿತ್ತೆನ್ನಬಹುದಿತ್ತು. ಅವಳು ಅವನನ್ನೇ ನೋಡುತ್ತಿದ್ದಳು.

"ನಾಳೆ ತರ್ತೆ ಅಕ್ಕ," ಎಂದನು.

ಮರುದಿನ ಪ್ರವಾಸಿಗಳಿರಲಿಲ್ಲ. ಅವನೊಬ್ಬನೇ ಇಳಿದು, ಬಂಡೆಯ ಸಂದಿಯಿಂದ ಕೊಡೆಯನ್ನು ಬಿಡಿಸಿ, ಮಡಚಿ, ನಿಯಮದಂತೆ ನಿಧಾನವಾಗಿ ಮೇಲೇರಿದನು. ಅವಸರ ಮಾಡಿದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಎಲ್ಲವನ್ನೂ ನೋಡಲೇಬೇಕಾಯಿತು. ಐದು ಮಾರಿಗೆ ಕಪ್ಪಿನೊಳಗಿಂದ ಬೆಲ್ಲ ಕಾಣಿಸಿಕೊಂಡಿತು. ಮೂರು ಮಾರಿಗೆ ಒಣಗಿದ ದಾಸವಾಳ. ಅಲ್ಲಿ ಮೂರು ನಿಮಿಷ ನಿಲ್ಲಬೇಕೆಂಬುದು ಮುಳುಗುಗಾರರ ಕಟ್ಟಳೆ. ನಿಂತನು, ಕೊಡೆ ಹಿಡಿದುಕೊಂಡು, ಕಡಲಿನ ಮಧ್ಯೆ. ನೀರಿನಿಂದ ತಲೆ ಹೊರಬಂದಾಗ ಅವನ ಕೈಯಲ್ಲಿದ್ದುದು ಹರದಾರಿಗೂ ಕಾಣುವಷ್ಟು ಕೆಂಪಾಗಿತ್ತು.

ಮಾದೇವಿ ಅದನ್ನು ನಲ್ಲಿಯ ಸಿಹಿನೀರಿನಲ್ಲಿ ತೊಳೆದು, ಹಗ್ಗಕ್ಕೆ ತೂಗುಹಾಕಿದಳು. ಎರಡು ಕಡ್ಡಿ ಮುರಿದಿದ್ದವು, ಗುಂಡಿ ಒತ್ತಿದರೆ ಬಿಚ್ಚುತ್ತಿರಲಿಲ್ಲ. ಮಾಸ್ತಪ್ಪ ಗೆದ್ದವನಂತೆ ಮೀಸೆಯನ್ನು ಸಹ ಮುಟ್ಟಿಕೊಳ್ಳಲಿಲ್ಲ. ಏಳನೆಯ ದಿನ ಒಲೆಯ ಮೇಲೆ ಸುರಮಾಯಿ ಮೀನಿನ ಸಾರು ಕುದಿಯಿತು. ಇಬ್ಬರೂ ಎದುರುಬದುರಾಗಿ ಕೂತರು. ಮಾದೇವಿ ಗಂಡನಿಗೆ ನಡುವಿನ ಎರಡು ದೊಡ್ಡ ತುಂಡು ಬಡಿಸಿದಳು. ತಮ್ಮನ ತಟ್ಟೆಯ ಮೇಲೆ ಸೌಟನ್ನು ಸ್ವಲ್ಪ ಹೊತ್ತು ಹಿಡಿದು, ಬಾಲದ ತುಂಡು ಹಾಕಿದಳು.

ಅದರಲ್ಲಿ ಮುಳ್ಳು ಬಹಳ. ವೀರನು ತಲೆ ಬಗ್ಗಿಸಿ, ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಡುತ್ತ ತಿಂದನು.